ಶ್ರವಣ ಯಂತ್ರ ಕೊಳ್ಳುವ ಮೊದಲು

ಮನೆಯ ಹಿರಿಯರಿಗೆ ಕಿವಿ ಮಂದವಾಗುವುದು ಸಾಮಾನ್ಯವಾಗಿ ಒಂದೇ ದಿನದಲ್ಲಿ ಆಗುವಂಥದ್ದಲ್ಲ. ಮೊದಲು ಟಿ.ವಿ.ಯ ಶಬ್ದ ಹೆಚ್ಚುತ್ತದೆ. ಆಮೇಲೆ ‘ಏನಂದೆ?’ ಎಂಬ ಪ್ರಶ್ನೆ ಹೆಚ್ಚುತ್ತದೆ. ‘ಹಾಲು ಬಂತಾ?’ ಎಂದು ಕೇಳಿದರೆ ‘ಯಾವ ಸಾಲ?’ ಎಂಬ ಉತ್ತರ ಬರುತ್ತದೆ. ಮಕ್ಕಳು ನಗುತ್ತಾರೆ. ಹೀಗೆ ನಾಲ್ಕಾರು ಸಲ ಆದ ಮೇಲೆ ಹಿರಿಯರು ಮಾತಿಗೆ ಬರುವುದನ್ನೇ ಬಿಟ್ಟುಬಿಡುತ್ತಾರೆ. ಮದುವೆ ಮನೆಯಲ್ಲಿ ಒಂದು ಮೂಲೆ ಹಿಡಿದು ಕೂರುತ್ತಾರೆ. ‘ವಯಸ್ಸಾಯಿತು, ಮಂಕು ಹಿಡಿದಿದೆ’ ಎಂದು ಮನೆಯವರು ತೀರ್ಮಾನಿಸುತ್ತಾರೆ. ಅನೇಕ ವೇಳೆ ಮಂಕಾಗಿರುವುದು ಬುದ್ಧಿಯಲ್ಲ, ಕಿವಿ.

ಈ ಹಂತದಲ್ಲಿ ಮಗನೋ ಮೊಮ್ಮಗಳೋ ಮೊಬೈಲಿನಲ್ಲಿ ಜಾಹೀರಾತು ನೋಡಿ ಒಂದು ಯಂತ್ರ ತರಿಸುತ್ತಾರೆ. ಪರೀಕ್ಷೆ ಬೇಡ, ಚೀಟಿ ಬೇಡ, ಕಿವಿಗೆ ಇಟ್ಟುಕೊಂಡರಾಯಿತು ಎಂಬ ಭರವಸೆ. ಮೊದಲ ದಿನ ಎಲ್ಲರಿಗೂ ಸಂತೋಷ. ಎರಡು ವಾರ ಕಳೆಯುವುದರಲ್ಲಿ ಯಂತ್ರ ಬೀರುವಿನೊಳಗೆ ಸೇರುತ್ತದೆ. ‘ಬರೀ ಗೊರ ಗೊರ ಸದ್ದು, ಕಿವಿ ನೋಯುತ್ತೆ’ ಎಂದು ಹಿರಿಯರು ಹೇಳುತ್ತಾರೆ. ಹಣ ಹೋದದ್ದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ‘ಶ್ರವಣ ಯಂತ್ರದಿಂದ ಪ್ರಯೋಜನವಿಲ್ಲ’ ಎಂಬ ನಂಬಿಕೆ ಮನೆಯಲ್ಲಿ ಗಟ್ಟಿಯಾಗಿ, ಮುಂದೆ ಒಳ್ಳೆಯ ಯಂತ್ರಕ್ಕೂ ಅವರು ಒಪ್ಪುವುದಿಲ್ಲ.

ಹಾಗಾದರೆ ನೇರವಾಗಿ ಕೊಳ್ಳುವ ಯಂತ್ರಗಳೆಲ್ಲ ನಿರುಪಯುಕ್ತವೇ? ಅಲ್ಲ. ಯಾರಿಗೆ ಯಾವುದು ಎಂಬುದನ್ನು ತಿಳಿದು ಕೊಳ್ಳಬೇಕು, ಅಷ್ಟೆ.

ಕೇಳಿಸುತ್ತದೆ, ತಿಳಿಯುವುದಿಲ್ಲ

ವಯಸ್ಸಿನಿಂದ ಬರುವ ಮಂದ ಕಿವಿಯಲ್ಲಿ ಎಲ್ಲ ಶಬ್ದವೂ ಸಮನಾಗಿ ಕಡಿಮೆಯಾಗುವುದಿಲ್ಲ. ಒಳಕಿವಿಯಲ್ಲಿ ಕೀರಲು ಧ್ವನಿಗಳನ್ನು ಗ್ರಹಿಸುವ ಸೂಕ್ಷ್ಮ ಕೋಶಗಳು ಮೊದಲು ನಶಿಸುತ್ತವೆ. ನಮ್ಮ ಮಾತಿನಲ್ಲಿ ಆ, ಓ, ಊ ಮುಂತಾದ ಸ್ವರಗಳು ತಗ್ಗಿನ ಧ್ವನಿಗಳು. ಸ, ಶ, ತ, ಕ, ಪ ಮುಂತಾದ ವ್ಯಂಜನಗಳಲ್ಲಿ ಕೀರಲು ಅಂಶ ಹೆಚ್ಚು. ಆದ್ದರಿಂದ ಸ್ವರ ಕೇಳಿಸಿ ವ್ಯಂಜನ ಜಾರಿಹೋಗುತ್ತದೆ. ಕಾಲು, ಪಾಲು, ಸಾಲು, ಹಾಲು ಎಲ್ಲವೂ ಒಂದೇ ಆಗುತ್ತವೆ. ‘ಸದ್ದು ಕೇಳಿಸುತ್ತೆ ಡಾಕ್ಟ್ರೇ, ಮಾತು ತಿಳಿಯೋದಿಲ್ಲ’ ಎಂದು ಹಿರಿಯರು ಹೇಳುವುದು ಇದನ್ನೇ.

ಅಕ್ಕಿ ಗಿರಣಿ, ಸಕ್ಕರೆ ಕಾರ್ಖಾನೆ, ಕಲ್ಲು ಕ್ವಾರಿಗಳಲ್ಲಿ ವರ್ಷಗಟ್ಟಲೆ ದುಡಿದವರ ಮತ್ತು ದಿನವಿಡೀ ಟ್ರ್ಯಾಕ್ಟರ್ ಓಡಿಸುವವರ ಕಿವಿ ಕೆಡುವುದೂ ಹೆಚ್ಚುಕಡಿಮೆ ಇದೇ ರೀತಿ. ಅವರಿಗೆ ನಲವತ್ತು, ಐವತ್ತರಲ್ಲೇ ತೊಂದರೆ ಕಾಣಿಸಿಕೊಳ್ಳಬಹುದು.

ಅಗ್ಗದ ಶಬ್ದವರ್ಧಕವು ಎಲ್ಲ ಶಬ್ದವನ್ನೂ ಹೆಚ್ಚುಕಡಿಮೆ ಒಂದೇ ಸಮನೆ ಹಿಗ್ಗಿಸುತ್ತದೆ. ಮೊಮ್ಮಗುವಿನ ಮಾತಿನೊಂದಿಗೆ ಫ್ಯಾನಿನ ಸದ್ದು, ಪಾತ್ರೆಯ ಸದ್ದು, ಬಸ್ಸಿನ ಹಾರ್ನ್ ಎಲ್ಲವೂ ಹಿಗ್ಗಿ ಬರುತ್ತವೆ. ಬೇಕಾದ ವ್ಯಂಜನ ಮಾತ್ರ ಇನ್ನೂ ಸಿಕ್ಕುವುದಿಲ್ಲ. ಗರಿಷ್ಠ ಶಬ್ದಕ್ಕೆ ಮಿತಿಯಿಲ್ಲದ ಯಂತ್ರವಾದರೆ ಉಳಿದಿರುವ ಶ್ರವಣಶಕ್ತಿಗೂ ಅಪಾಯ.

ಮೊದಲು ಕಾರಣ ತಿಳಿಯಿರಿ

ಕಿವಿ ಕೇಳಿಸದಿರುವುದು ರೋಗದ ಹೆಸರಲ್ಲ, ಲಕ್ಷಣ. ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ತುಂಬಿರಬಹುದು. ಅದನ್ನು ತೆಗೆದರೆ ಯಂತ್ರವೇ ಬೇಡವಾಗಬಹುದು. ಕಿವಿಯ ತಮಟೆ ತೂತಾಗಿ ಸೋರುತ್ತಿರಬಹುದು. ಅದಕ್ಕೆ ಔಷಧ, ಶಸ್ತ್ರಚಿಕಿತ್ಸೆ ಇವೆ. ಕೆಲವು ಚುಚ್ಚುಮದ್ದುಗಳಿಂದಲೂ ಶ್ರವಣ ನಷ್ಟವಾಗುತ್ತದೆ. ಹಿಂದೆ ಕ್ಷಯಕ್ಕೆ ಬಹಳವಾಗಿ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್ ಇದಕ್ಕೆ ಉದಾಹರಣೆ.

ಈ ಕೆಳಗಿನ ಯಾವುದೇ ಲಕ್ಷಣವಿದ್ದರೆ ಯಂತ್ರದ ಯೋಚನೆ ಬಿಟ್ಟು ಮೊದಲು ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಬೇಕು:

* ಕಿವಿಯಿಂದ ಕೀವು, ನೀರು ಅಥವಾ ರಕ್ತ ಬರುವುದು, ಕಿವಿನೋವು.
* ಒಂದೇ ಕಿವಿ ಮಂದವಾಗುವುದು, ಅಥವಾ ಒಂದೇ ಕಿವಿಯಲ್ಲಿ ಸದಾ ಗುಂಯ್‌ಗುಡುವುದು.
* ತಲೆಸುತ್ತು, ನಡೆಯುವಾಗ ಓಲಾಡುವುದು.
* ಒಂದೆರಡು ದಿನಗಳಲ್ಲಿ ಇದ್ದಕ್ಕಿದ್ದಂತೆ ಕಿವಿ ಕೇಳಿಸದಾಗುವುದು. ಇದು ತುರ್ತು ಸ್ಥಿತಿ. ಚಿಕಿತ್ಸೆ ಬೇಗ ಆರಂಭವಾದಷ್ಟೂ ಶ್ರವಣ ಮರಳುವ ಅವಕಾಶ ಹೆಚ್ಚು. ವಾರಗಳು ಕಳೆದರೆ ಅವಕಾಶ ತಪ್ಪಿಹೋಗುತ್ತದೆ.

ಬಿಸಿ ಎಣ್ಣೆ ಬಿಡುವುದು, ಪಿನ್ನು, ಬೆಂಕಿಕಡ್ಡಿ ಹಾಕಿ ಕೆದಕುವುದು ಬೇಡ. ಬಸ್ ನಿಲ್ದಾಣಗಳಲ್ಲಿ ಕಿವಿ ಶುಚಿ ಮಾಡುವವರ ಕೈಗೂ ಕಿವಿ ಕೊಡಬೇಡಿ.

ನೇರವಾಗಿ ಕೊಳ್ಳುವ ಯಂತ್ರ ಯಾರಿಗೆ?

ಅಮೆರಿಕದಲ್ಲಿ 2022ರ ಅಕ್ಟೋಬರ್‌ನಿಂದ ವೈದ್ಯರ ಚೀಟಿಯಿಲ್ಲದೆ ಶ್ರವಣ ಯಂತ್ರ ಮಾರಲು ಅವಕಾಶವಾಯಿತು. ಆದರೆ ಆ ನಿಯಮಕ್ಕೆ ಬೇಲಿಯಿದೆ. 18 ವರ್ಷ ತುಂಬಿದವರಿಗೆ ಮಾತ್ರ. ಅಲ್ಪ ಅಥವಾ ಮಧ್ಯಮ ಪ್ರಮಾಣದ ತೊಂದರೆಗೆ ಮಾತ್ರ. ಯಂತ್ರದಿಂದ ಹೊರಡುವ ಶಬ್ದ ಎಷ್ಟೇ ಆದರೂ 117 ಡೆಸಿಬೆಲ್ ಮೀರಬಾರದು. 2023ರಲ್ಲಿ ಪ್ರಕಟವಾದ ದಕ್ಷಿಣ ಆಫ್ರಿಕಾದ ಅಧ್ಯಯನವೊಂದರಲ್ಲಿ, ಬಳಸುವವರೇ ಮೊಬೈಲ್ ಮೂಲಕ ಹೊಂದಿಸಿಕೊಂಡ ಯಂತ್ರಕ್ಕೂ ತಜ್ಞರು ಹೊಂದಿಸಿದ ಯಂತ್ರಕ್ಕೂ ಆರು ವಾರಗಳ ನಂತರ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಇದನ್ನು ಓದಿ ಆತುರಪಡಬೇಡಿ. ಆ ಯಂತ್ರ ಬಳಸುವವರ ಶ್ರವಣವನ್ನು ತಾನೇ ಅಳೆದು ಅದಕ್ಕೆ ತಕ್ಕಂತೆ ಹೊಂದಿಕೊಳ್ಳುವಂಥದ್ದು. ನಮ್ಮಲ್ಲಿ ಅಗ್ಗದ ಬೆಲೆಗೆ ಮಾರಾಟವಾಗುವ ಎಷ್ಟೋ ಪೆಟ್ಟಿಗೆಗಳಲ್ಲಿ ಇರುವುದು ಶಬ್ದ ಏರಿಸುವ, ಇಳಿಸುವ ಒಂದು ತಿರುಗಣೆ ಮಾತ್ರ. ಮೇಲಾಗಿ ಮೊಬೈಲನ್ನು ಲೀಲಾಜಾಲವಾಗಿ ಬಳಸಬಲ್ಲವರು ಬೇಕು. ಎಪ್ಪತ್ತೈದು ದಾಟಿದ, ಬೆರಳು ನಡುಗುವ ಅಜ್ಜಿಗೆ ಅದು ಸುಲಭವಲ್ಲ.

ಸಂತೆಯಲ್ಲಿ ಕೊಂಡ ಕನ್ನಡಕದಲ್ಲಿ ಪತ್ರಿಕೆ ಓದುವವರು ಇದ್ದಾರೆ. ಕಣ್ಣಲ್ಲಿ ಪೊರೆ ಇದೆಯೇ, ಒತ್ತಡ ಇದೆಯೇ ಎಂಬುದನ್ನು ಆ ಕನ್ನಡಕ ಹೇಳುವುದಿಲ್ಲ. ಇದೂ ಹಾಗೆಯೇ. ಒಮ್ಮೆ ಪರೀಕ್ಷೆ ಮಾಡಿಸಿ, ತೊಂದರೆ ಅಲ್ಪ ಅಥವಾ ಮಧ್ಯಮ, ಎರಡೂ ಕಿವಿಯಲ್ಲಿ ಸಮನಾಗಿದೆ, ಬೇರೆ ರೋಗವಿಲ್ಲ ಎಂದು ತಿಳಿದವರು ಸ್ವತಃ ಹೊಂದಿಸಿಕೊಳ್ಳುವ ಒಳ್ಳೆಯ ಯಂತ್ರವನ್ನು ಪ್ರಯತ್ನಿಸಬಹುದು. ಹಿಂತಿರುಗಿಸುವ ಅವಧಿ ಎಷ್ಟು, ರಿಪೇರಿ ಎಲ್ಲಿ ಎಂದು ಮೊದಲೇ ಕೇಳಿಕೊಳ್ಳಿ.

ತಜ್ಞರು ಹೊಂದಿಸುವುದೆಂದರೆ ಏನು?

ಮೊದಲು ಶಬ್ದನಿರೋಧಕ ಕೋಣೆಯಲ್ಲಿ ಶ್ರವಣ ಪರೀಕ್ಷೆ. ತಗ್ಗಿನ ಧ್ವನಿಯಿಂದ ಕೀರಲು ಧ್ವನಿಯವರೆಗೆ, ಸಾಮಾನ್ಯವಾಗಿ 250ರಿಂದ 8000 ಹರ್ಟ್ಸ್‌ವರೆಗೆ, ಪ್ರತಿಯೊಂದನ್ನೂ ಎಷ್ಟು ಮೆಲ್ಲಗೆ ಕೇಳಬಲ್ಲಿರಿ ಎಂದು ನೋಡಿ ಆಡಿಯೋಗ್ರಾಮ್ ಎಂಬ ನಕ್ಷೆ ಬರೆಯುತ್ತಾರೆ. ನೋವಿಲ್ಲ, ಚುಚ್ಚುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವಿಂಗಡಣೆಯಂತೆ ನಷ್ಟವು 20ರಿಂದ 35 ಡೆಸಿಬೆಲ್ ಇದ್ದರೆ ಅಲ್ಪ, 35ರಿಂದ 50 ಮಧ್ಯಮ, 65 ದಾಟಿದರೆ ತೀವ್ರ.

ಈ ನಕ್ಷೆಯನ್ನು ನೋಡಿ ಯಂತ್ರದಲ್ಲಿ ಯಾವ ಧ್ವನಿಯನ್ನು ಎಷ್ಟು ಏರಿಸಬೇಕು, ಯಾವ ಮಿತಿಯಲ್ಲಿ ನಿಲ್ಲಿಸಬೇಕು ಎಂದು ಗಣಕಯಂತ್ರದ ಮೂಲಕ ಹೊಂದಿಸುತ್ತಾರೆ. ಅಗತ್ಯವಿದ್ದವರಿಗೆ ಕಿವಿಯ ಅಚ್ಚು ತೆಗೆದು ಅದೇ ಅಳತೆಯ ಬಿರಡೆ ಮಾಡಿಕೊಡುತ್ತಾರೆ. ಯಂತ್ರ ಕುಯ್ಯೆಂದು ಶಿಳ್ಳೆ ಹೊಡೆಯುವುದಕ್ಕೆ ಸಡಿಲವಾದ ಬಿರಡೆಯೇ ಬಹಳ ಸಲ ಕಾರಣ. ಕೆಲವು ವಾರಗಳ ನಂತರ ಮತ್ತೆ ಕರೆದು ತಿದ್ದುತ್ತಾರೆ. ನೀವು ಕೊಡುವ ಹಣ ಯಂತ್ರಕ್ಕೆ ಮಾತ್ರವಲ್ಲ, ಈ ಕೆಲಸಕ್ಕೂ ಹೌದು.

ಪೇಟೆಯ ಮಾರಾಟ ಮಳಿಗೆಗಳಲ್ಲಿ ‘ಉಚಿತ ತಪಾಸಣೆ’ ಎಂಬ ಫಲಕವಿದ್ದರೆ, ಪರೀಕ್ಷಿಸುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಶ್ರವಣ ತಜ್ಞರೇ ಎಂದು ಕೇಳಲು ಸಂಕೋಚ ಬೇಡ. ಆಡಿಯೋಗ್ರಾಮ್‌ನ ಪ್ರತಿ ಕೇಳಿ ಪಡೆಯಿರಿ.

ನಮ್ಮ ತಾಲ್ಲೂಕಿನವರು ಎಲ್ಲಿಗೆ ಹೋಗಬೇಕು?

ಈ ವಿಷಯದಲ್ಲಿ ನಾವು ಅದೃಷ್ಟವಂತರು. ದೇಶದ ನಾನಾ ಮೂಲೆಗಳಿಂದ ಜನ ಹುಡುಕಿಕೊಂಡು ಬರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇರುವುದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. 1965ರಲ್ಲಿ ಆರಂಭವಾದ ಇದು ಕೇಂದ್ರ ಆರೋಗ್ಯ ಇಲಾಖೆಗೆ ಸೇರಿದ್ದು. ಪರೀಕ್ಷೆ, ಯಂತ್ರದ ಆಯ್ಕೆ, ಕಿವಿಯ ಅಚ್ಚು, ಮಕ್ಕಳ ಮಾತಿನ ತರಬೇತಿ ಎಲ್ಲವೂ ಒಂದೇ ಆವರಣದಲ್ಲಿ ದೊರೆಯುತ್ತವೆ.

ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಬಸ್ಸು, ರೈಲು ಎರಡೂ ಇವೆ. ಕೆ.ಆರ್. ಪೇಟೆ ಕಡೆಯವರಿಗೆ ಬಸ್ಸಿನ ಜೊತೆಗೆ ಅಕ್ಕಿಹೆಬ್ಬಾಳಿನ ಮೂಲಕ ಹಾಯುವ ರೈಲು ಮಾರ್ಗವಿದೆ. ನಾಗಮಂಗಲ ತಾಲ್ಲೂಕಿನವರಿಗೆ ಬೆಳ್ಳೂರು ಬಳಿಯ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಉಳಿದವರಿಗೆ ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆ ಮತ್ತು ಮೈಸೂರಿನ ಕೆ.ಆರ್. ಆಸ್ಪತ್ರೆಗಳಲ್ಲಿ ಕಿವಿ ತಜ್ಞರು ಸಿಗುತ್ತಾರೆ. ಬೆಳಿಗ್ಗೆ ಬೇಗ ಹೊರಡಿ. ಹಳೆಯ ಚೀಟಿಗಳು, ಆಧಾರ್, ಪಡಿತರ ಚೀಟಿ ಜೊತೆಗಿರಲಿ. ಹಿರಿಯರೊಂದಿಗೆ ಮನೆಯವರೊಬ್ಬರು ಹೋಗುವುದು ಅವಶ್ಯ. ಯಂತ್ರ ಹಾಕುವುದು, ತೆಗೆಯುವುದನ್ನು ಅವರೂ ಕಲಿತು ಬರಬೇಕು.

ಹಣದ ಮಾತು

ಬಡ ಕುಟುಂಬಗಳಿಗೆ ಕೇಂದ್ರ ಸರ್ಕಾರದ ಎರಡು ಯೋಜನೆಗಳಿವೆ. 1981ರಿಂದ ನಡೆದುಬಂದಿರುವ ಅಡಿಪ್ ಯೋಜನೆಯಲ್ಲಿ ಆದಾಯ ಮಿತಿಯೊಳಗಿನವರಿಗೆ ಯಂತ್ರ ಉಚಿತವಾಗಿ ಅಥವಾ ಕಡಿಮೆ ದರಕ್ಕೆ ಸಿಗುತ್ತದೆ. ಇದಕ್ಕೆ ಶೇ. 40ರಷ್ಟು ಅಂಗವಿಕಲತೆಯ ಪ್ರಮಾಣಪತ್ರ ಬೇಕು. ಅಲ್ಪ ಪ್ರಮಾಣದ ತೊಂದರೆಯವರಿಗೆ ಆ ಪತ್ರ ಸಿಗುವುದಿಲ್ಲ. 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆ 60 ದಾಟಿದ ಬಡ ಹಿರಿಯರಿಗಾಗಿ ಇದೆ. ಶಿಬಿರಗಳ ಮೂಲಕ ಕೊಡುವ ಸಾಧನಗಳಲ್ಲಿ ಶ್ರವಣ ಯಂತ್ರವೂ ಸೇರಿದೆ. ಶಿಬಿರದಲ್ಲಿ ಪಡೆದ ಯಂತ್ರವನ್ನೂ ಹೊಂದಿಸಿಕೊಳ್ಳದೆ ಬಳಸಬೇಡಿ.

ಮಕ್ಕಳ ವಿಷಯವೇ ಬೇರೆ

ಮಗುವಿಗೆ ಎಂದೂ ಅಂಗಡಿಯ ಯಂತ್ರ ತರಬೇಡಿ. ಕೇಳಿಸದ ಮಗು ಮಾತು ಕಲಿಯುವುದಿಲ್ಲ. ‘ನಮ್ಮ ಮನೆತನದಲ್ಲಿ ಮಾತು ನಿಧಾನ’ ಎಂದು ಕಾಯುತ್ತಾ ಮೂರು ವರ್ಷ ಕಳೆದರೆ ಆ ನಷ್ಟವನ್ನು ಪೂರ್ತಿ ತುಂಬಲಾಗದು. ಹುಟ್ಟಿದ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ದೋಷದ ನಿರ್ಧಾರ, ಆರು ತಿಂಗಳೊಳಗೆ ಯಂತ್ರ ಮತ್ತು ತರಬೇತಿ ಎಂಬುದು ಒಪ್ಪಿತ ಕ್ರಮ. ಬಾಗಿಲು ಧಡ್ ಎಂದರೂ ಕೂಸು ಬೆಚ್ಚದಿದ್ದರೆ ಅಂದೇ ವೈದ್ಯರಿಗೆ ತಿಳಿಸಿ.

ಯಂತ್ರ ಬಂದ ಮೇಲೆ

ಹೊಸ ಚಪ್ಪಲಿ ಕಚ್ಚುವಂತೆ ಹೊಸ ಯಂತ್ರವೂ ಕೆಲವು ದಿನ ಕಿರಿಕಿರಿ ಮಾಡುತ್ತದೆ. ಮೊದಲ ವಾರ ಮನೆಯೊಳಗೆ, ಒಬ್ಬರೊಂದಿಗೆ ಮಾತನಾಡುವಾಗ ಒಂದೆರಡು ಗಂಟೆ ಹಾಕಿಕೊಳ್ಳಲಿ. ಆಮೇಲೆ ಜಗಲಿ, ಆಮೇಲೆ ಪೇಟೆ. ಮೆದುಳು ಮರೆತ ಶಬ್ದಗಳಿಗೆ ಮತ್ತೆ ಒಗ್ಗಿಕೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಸ್ನಾನಕ್ಕೆ, ಮಲಗುವುದಕ್ಕೆ ಮೊದಲು ತೆಗೆದಿಡಿ. ಬೆವರು, ಮಳೆಯಿಂದ ಕಾಪಾಡಿ. ಗುಂಡಿಯಂತಿರುವ ಪುಟ್ಟ ಬ್ಯಾಟರಿಗಳು ಮಕ್ಕಳ ಕೈಗೆ ಸಿಗದಿರಲಿ, ನುಂಗಿದರೆ ಪ್ರಾಣಾಪಾಯ.

ಮನೆಯವರ ಪಾಲೂ ಇದೆ. ಹಿಂದಿನಿಂದ ಕೂಗಬೇಡಿ. ಎದುರು ಬಂದು, ಮುಖ ಕಾಣುವಂತೆ, ನಿಧಾನವಾಗಿ ಮಾತನಾಡಿ. ಆ ಹೊತ್ತಿನಲ್ಲಿ ಟಿ.ವಿ. ಆರಿಸಿ. ಕೇಳಿಸದಿದ್ದರೆ ‘ಏನಿಲ್ಲ ಬಿಡು’ ಎಂದು ತಳ್ಳಿಹಾಕದೆ ಇನ್ನೊಮ್ಮೆ ಹೇಳಿ. ಶ್ರವಣ ನಷ್ಟಕ್ಕೂ ಮರೆಗುಳಿತನಕ್ಕೂ ನಂಟಿದೆ ಎಂದು ಈಚಿನ ಅಧ್ಯಯನಗಳು ತೋರಿಸಿವೆ. ಆದ್ದರಿಂದ ಪರೀಕ್ಷೆಯನ್ನು ಮುಂದೂಡಬೇಡಿ. ಈ ತಿಂಗಳಲ್ಲೇ ಒಂದು ದಿನ ಗೊತ್ತುಮಾಡಿಕೊಂಡು ಹಿರಿಯರನ್ನು ಕರೆದೊಯ್ಯಿರಿ. ನಕ್ಷೆ ಕೈಗೆ ಬಂದ ಮೇಲೆ ಯಾವ ಯಂತ್ರ ಎಂಬ ಪ್ರಶ್ನೆ ಅರ್ಧ ಬಗೆಹರಿದಂತೆಯೇ.