ಬಿಡುವ ಉಸಿರಿನಲ್ಲಿದೆ ಸಮಾಧಾನ

ಪರೀಕ್ಷೆಗೆ ಹೊರಟ ಮಗುವಿಗೆ, ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಕಂಗಾಲಾಗಿ ನಿಂತ ನಂಟರಿಗೆ ನಾವು ಹೇಳುವ ಮಾತು ಹೆಚ್ಚಾಗಿ ಒಂದೇ: ‘ಜೋರಾಗಿ ಉಸಿರೆಳ್ಕೋ, ಸರಿಹೋಗುತ್ತೆ.’ ಅವರು ಎದೆಯುಬ್ಬಿಸಿ ಎಳೆದುಕೊಳ್ಳುತ್ತಾರೆ. ಪೂರ್ತಿ ಬಿಡುವ ಮೊದಲೇ ಮತ್ತೆ ಎಳೆದುಕೊಳ್ಳುತ್ತಾರೆ. ಸ್ವಲ್ಪ ಹೊತ್ತಿಗೆ ತಲೆ ತೇಲಿದಂತಾಗಿ, ಬೆರಳ ತುದಿ ಜುಮುಗುಟ್ಟಿ, ಗಾಬರಿ ಇನ್ನಷ್ಟು ಏರುತ್ತದೆ. ಹೇಳಿದವರ ಕಾಳಜಿಗೇನೂ ಕೊರತೆಯಿಲ್ಲ. ಆದರೆ ಹೇಳಬೇಕಾದ್ದರಲ್ಲಿ ಮುಖ್ಯವಾದ ಅರ್ಧವೇ ಬಿಟ್ಟುಹೋಗಿದೆ. ಮನಸ್ಸನ್ನು ತಣಿಸುವ ಕೆಲಸ ಬಹುಪಾಲು ನಡೆಯುವುದು ಉಸಿರು ಬಿಡುವಾಗ.

ಇದನ್ನು ನೀವೇ ಪರೀಕ್ಷಿಸಬಹುದು. ಸುಮ್ಮನೆ ಕುಳಿತು ಮಣಿಕಟ್ಟಿನ ನಾಡಿ ಹಿಡಿಯಿರಿ. ಉಸಿರು ಎಳೆದುಕೊಳ್ಳುವಾಗ ಬಡಿತ ತುಸು ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಮಕ್ಕಳಲ್ಲಿ, ಎಳೆಯ ವಯಸ್ಸಿನವರಲ್ಲಿ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಇದರ ಹಿಂದಿರುವುದು ವೇಗಸ್ ನರ. ಮೆದುಳಿನ ಬುಡದಿಂದ ಹೊರಟು ಕುತ್ತಿಗೆಯ ಎರಡೂ ಬದಿಯಲ್ಲಿ ಇಳಿದು ಹೃದಯ, ಶ್ವಾಸಕೋಶ, ಹೊಟ್ಟೆಯವರೆಗೂ ಹಬ್ಬುವ ಈ ನರ ಹೃದಯಕ್ಕೆ ಬ್ರೇಕ್ ಇದ್ದಂತೆ. ಉಸಿರೆಳೆದಾಗ ಅದರ ಹಿಡಿತ ಸಡಿಲವಾಗುತ್ತದೆ, ಬಿಟ್ಟಾಗ ಮತ್ತೆ ಬಿಗಿಯಾಗುತ್ತದೆ. ಬಿಡುವ ಹೊತ್ತನ್ನು ಉದ್ದ ಮಾಡಿದರೆ ಹಿಡಿತವೂ ಹೆಚ್ಚು ಹೊತ್ತು ನಿಲ್ಲುತ್ತದೆ. ‘ಮೆಲ್ಲಗೆ ಬಡಿ’ ಎಂದರೆ ಹೃದಯ ಕೇಳುವುದಿಲ್ಲ, ‘ನಿಲ್ಲು’ ಎಂದರೆ ಬೆವರು ನಿಲ್ಲುವುದಿಲ್ಲ. ತನ್ನಷ್ಟಕ್ಕೆ ನಡೆಯುತ್ತಲೇ ನಮ್ಮ ಮಾತನ್ನೂ ಕೇಳುವುದು ಉಸಿರು. ಹಾಗಾಗಿ ಹೃದಯದ ಮಟ್ಟಿಗೆ ನಮಗಿರುವ ಸುಲಭದ ದಾರಿ ಇದು.

ನಿಧಾನವಾಗಿ ಉಸಿರಾಡಿದರೆ ಗಾಳಿ ಸಾಲದೇ ಹೋದೀತು ಎಂಬ ಅಂಜಿಕೆ ಹಲವರಿಗಿದೆ. ಒಂದು ಸಣ್ಣ ಲೆಕ್ಕ ಹಾಕಿದರೆ ಅದು ಹೋಗುತ್ತದೆ. ವಯಸ್ಕರೊಬ್ಬರು ಆರಾಮವಾಗಿರುವಾಗ ಒಂದು ಉಸಿರಿಗೆ ಸುಮಾರು 500 ಮಿಲಿಲೀಟರ್ ಗಾಳಿ ಎಳೆದುಕೊಳ್ಳುತ್ತಾರೆ. ಅದರಲ್ಲಿ ಸುಮಾರು 150 ಮಿಲಿಲೀಟರ್ ಮೂಗು, ಗಂಟಲು, ಶ್ವಾಸನಾಳಗಳಲ್ಲೇ ಉಳಿದು, ರಕ್ತಕ್ಕೆ ಆಮ್ಲಜನಕ ಕೊಡುವ ಪುಟ್ಟ ಗಾಳಿಚೀಲಗಳನ್ನು ಮುಟ್ಟದೇ ಹಿಂದಿರುಗುತ್ತದೆ. ಗಾಬರಿಯಲ್ಲಿ ನಿಮಿಷಕ್ಕೆ 24 ಸಲ 250 ಮಿಲಿಲೀಟರಿನಂತೆ ಏದುಸಿರು ಬಿಟ್ಟರೆ ಒಟ್ಟು 6 ಲೀಟರ್ ಗಾಳಿ ಓಡಾಡಿದರೂ ಕೆಲಸಕ್ಕೆ ಬಂದದ್ದು 2.4 ಲೀಟರ್ ಮಾತ್ರ. ಅದೇ 6 ಲೀಟರನ್ನು ನಿಮಿಷಕ್ಕೆ 6 ಉಸಿರಿನಲ್ಲಿ ತುಂಬಿಕೊಂಡರೆ 5.1 ಲೀಟರ್ ಗಾಳಿಚೀಲಗಳಿಗೆ ತಲುಪುತ್ತದೆ. ಶ್ರಮ ಕಡಿಮೆ, ಫಲ ಎರಡು ಪಟ್ಟು.

ಇನ್ನು, ಆ ಜುಮುಗುಟ್ಟುವಿಕೆಯ ಕಾರಣ. ಜೋರಾಗಿ, ಬೇಗಬೇಗ ಉಸಿರಾಡಿದಾಗ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಅಗತ್ಯಕ್ಕಿಂತ ಹೆಚ್ಚು ಹೊರಹೋಗುತ್ತದೆ. ಅದು ಇಳಿದಾಗ ಬೆರಳ ತುದಿ ಜುಮುಗುಟ್ಟುತ್ತದೆ, ಮೆದುಳಿನ ರಕ್ತನಾಳಗಳು ಕುಗ್ಗುತ್ತವೆ, ತಲೆ ಸುತ್ತುತ್ತದೆ, ಉಸಿರು ಸಾಲುತ್ತಿಲ್ಲ ಅನ್ನಿಸುತ್ತದೆ. ಸಾಲುತ್ತಿಲ್ಲವೆಂದು ಮತ್ತೆ ಜೋರಾಗಿ ಎಳೆಯುತ್ತೇವೆ. ಈ ಸುಳಿಯಿಂದ ಹೊರಬರಬೇಕಾದರೆ ಎಳೆಯುವುದನ್ನು ಕಡಿಮೆ ಮಾಡಿ, ಬಿಡುವುದನ್ನು ನಿಧಾನಿಸಬೇಕು.

ಮಾಡುವ ಬಗೆ ಹೀಗೆ. ಮೊದಲ ಕೆಲವು ದಿನ ಮಲಗಿಯೇ ಕಲಿಯುವುದು ಒಳ್ಳೆಯದು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಕೂಡ 1981ರ ತಮ್ಮ ‘ಲೈಟ್ ಆನ್ ಪ್ರಾಣಾಯಾಮ’ ಗ್ರಂಥದಲ್ಲಿ ಉಜ್ಜಾಯಿ ಪ್ರಾಣಾಯಾಮದ ಮೊದಲ ಹಂತವನ್ನು ಮಲಗಿಸಿಯೇ ಕಲಿಸುತ್ತಾರೆ. ಒಂದು ಕೈ ಹೊಟ್ಟೆಯ ಮೇಲಿರಲಿ, ಇನ್ನೊಂದು ಎದೆಯ ಮೇಲೆ. ಮೂಗಿನಿಂದ ಎಳೆದುಕೊಂಡಾಗ ಹೊಟ್ಟೆಯ ಮೇಲಿನ ಕೈ ಏಳಬೇಕು, ಎದೆಯ ಮೇಲಿನದು ಹೆಚ್ಚು ಅಲುಗಬಾರದು. ಎದೆಗೂ ಹೊಟ್ಟೆಗೂ ನಡುವಿನ ವಪೆ ಎಂಬ ಸ್ನಾಯು ಕೆಳಗಿಳಿಯುತ್ತಿದೆ ಎಂಬುದಕ್ಕೆ ಅದೇ ಗುರುತು. ಮನಸ್ಸಿನಲ್ಲೇ ನಾಲ್ಕು ಎಣಿಸುತ್ತ ಎಳೆದುಕೊಳ್ಳಿ, ಆರು ಎಣಿಸುತ್ತ ಬಿಡಿ. ಒಂದು ಎಣಿಕೆಗೆ ಒಂದು ಸೆಕೆಂಡಾದರೆ ನಿಮಿಷಕ್ಕೆ ಆರು ಉಸಿರು. ಅಷ್ಟು ಉದ್ದ ಕಷ್ಟವಾದರೆ ಮೂರಕ್ಕೆ ಎಳೆದು ನಾಲ್ಕಕ್ಕೆ ಬಿಡಿ. ಎಣಿಕೆಗಾಗಿ ಒದ್ದಾಡುವುದು ಬೇಡ, ಒದ್ದಾಟ ಶುರುವಾದರೆ ಉದ್ದೇಶವೇ ಕೆಟ್ಟಿತು.

ನಿಮಿಷಕ್ಕೆ ಆರೇ ಏಕೆ? ನಮ್ಮ ಕುತ್ತಿಗೆಯ ದೊಡ್ಡ ರಕ್ತನಾಳಗಳಲ್ಲಿ ರಕ್ತದೊತ್ತಡವನ್ನು ಕಾಯುವ ನರತುದಿಗಳಿವೆ. ಒತ್ತಡ ಏರಿದರೆ ಹೃದಯಬಡಿತ ತಗ್ಗಿಸುವ, ಇಳಿದರೆ ಏರಿಸುವ ಈ ವ್ಯವಸ್ಥೆಗೆ ಸುಮಾರು ಹತ್ತು ಸೆಕೆಂಡಿನ ಲಯವಿದೆ. ಉಸಿರೂ ಅದೇ ಲಯಕ್ಕೆ ಬಂದಾಗ ಎರಡೂ ಒಂದಕ್ಕೊಂದು ಬಲ ಕೊಡುತ್ತವೆ. ಇಟಲಿಯ ಪಾವಿಯಾದ ವೈದ್ಯ ಲೂಚಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲ್ಯಾಟಿನ್ ಭಾಷೆಯ ಜಪಮಾಲೆ ಪ್ರಾರ್ಥನೆಯಾಗಲಿ ‘ಓಂ ಮಣಿ ಪದ್ಮೇ ಹೂಂ’ ಮಂತ್ರವಾಗಲಿ, ಪಠಿಸುವವರ ಉಸಿರನ್ನು ನಿಮಿಷಕ್ಕೆ ಆರರ ಹತ್ತಿರ ತಂದಿದ್ದವು. ಸಂಜೆ ದೀಪ ಹಚ್ಚಿ ರಾಗವಾಗಿ ಭಜನೆ ಹೇಳುವವರಿಗೆ ಎಣಿಕೆಯ ಪಾಠ ಬೇಕಿಲ್ಲದಿರಬಹುದು. ಉದ್ದನೆಯ ಸಾಲನ್ನು ಒಂದೇ ಉಸಿರಿಗೆ ಹಾಡುವುದೆಂದರೆ ಉಸಿರನ್ನು ನಿಧಾನವಾಗಿ ಬಿಡುವುದೇ ತಾನೇ? ಭ್ರಾಮರಿ ಪ್ರಾಣಾಯಾಮದಲ್ಲಿ ದುಂಬಿಯಂತೆ ಗುಂಯ್ಗುಡುವಾಗಲೂ ನಡೆಯುವುದು ಇದೇ. ಬಾಯಿ ಮುಚ್ಚಿ ಮೂಗಿನಿಂದ ದನಿ ಹೊರಡಿಸುವಾಗ ಬೇಗ ಬಿಡಬೇಕೆಂದರೂ ಆಗದು. ಎಣಿಕೆ ಬೇಸರವೆನ್ನುವ ಮಕ್ಕಳಿಗೆ ನಾನು ಸೂಚಿಸುವುದು ಭ್ರಾಮರಿಯನ್ನೇ.

ಸಿಟ್ಟು ನೆತ್ತಿಗೇರಿದ ಗಳಿಗೆಯಲ್ಲಿ ಐದು ನಿಮಿಷ ಕೂರಲು ಯಾರಿಗೂ ಆಗುವುದಿಲ್ಲ. ಆಗ ನಿಟ್ಟುಸಿರು ನೆರವಿಗೆ ಬರುತ್ತದೆ. ಮೂಗಿನಿಂದ ಒಮ್ಮೆ ಎಳೆದು, ಅದರ ಮೇಲೆ ಇನ್ನೊಂದು ಪುಟ್ಟ ಎಳೆತ ಸೇರಿಸಿ, ಆಮೇಲೆ ಬಾಯಿಂದ ಉದ್ದಕ್ಕೆ ಬಿಡಿ. ಎರಡು ಮೂರು ಸಲ ಸಾಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಐದು ನಿಮಿಷದಂತೆ ಒಂದು ತಿಂಗಳು ನಾಲ್ಕು ಬಗೆಯ ಅಭ್ಯಾಸಗಳನ್ನು ಹೋಲಿಸಿದಾಗ ಲವಲವಿಕೆ ಹೆಚ್ಚಿಸುವುದರಲ್ಲಿ ಮುಂದಿದ್ದುದು ಈ ನಿಟ್ಟುಸಿರಿನ ಅಭ್ಯಾಸವೇ.

ಆದರೆ ಇದನ್ನು ಸಂಕಟ ಬಂದಾಗಷ್ಟೇ ನೆನೆದರೆ ಕೈಗೆ ಹತ್ತುವುದಿಲ್ಲ. ಮನಸ್ಸು ತಿಳಿಯಾಗಿರುವಾಗ ದಿನಕ್ಕೆ ಐದು ನಿಮಿಷ ರೂಢಿ ಮಾಡಿಕೊಳ್ಳಬೇಕು. ಕಪಾಲಭಾತಿ, ಭಸ್ತ್ರಿಕಾಗಳು ವೇಗದ ಉಸಿರಾಟಗಳು, ಗಾಬರಿಯಲ್ಲಿರುವಾಗ ಅವು ಬೇಡ. ಗರ್ಭಿಣಿಯರು, ಹೃದ್ರೋಗ ಅಥವಾ ಅಧಿಕ ರಕ್ತದೊತ್ತಡ ಇರುವವರು ಉಸಿರು ಬಿಗಿಹಿಡಿಯುವ ಕುಂಭಕಕ್ಕೆ ಹೋಗಬಾರದು. ಎದೆನೋವು ಎಡಗೈಗೋ ದವಡೆಗೋ ಹರಡುತ್ತಿದ್ದರೆ ಉಸಿರಾಟದ ಅಭ್ಯಾಸ ಮಾಡುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ. ನಿದ್ದೆ, ಊಟ, ಕೆಲಸ ಯಾವುದೂ ರುಚಿಸದೆ ವಾರಗಳೇ ಕಳೆದಿದ್ದರೆ ಉಸಿರಾಟವೊಂದರಿಂದ ಆಗುವ ಕೆಲಸವಲ್ಲ ಅದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.