ಸಾಂಬಾರಿನ ಹುಳಿಗೆ ಪಾತ್ರೆಯೇ ಕರಗಿದರೆ ಕೇಳುವವರು ಯಾರು?

ಬಸ್ಸಿಗೆ ಇನ್ನೂ ಹತ್ತು ನಿಮಿಷ ಇದೆ ಅಂತ ನಿಲ್ದಾಣದ ಎದುರಿನ ಹೋಟೆಲಿಗೆ ನುಗ್ಗುತ್ತೀರಿ. ಎರಡು ಇಡ್ಲಿ, ಒಂದು ವಡೆ, ಮೇಲೆ ತುಂಬ ಸಾಂಬಾರ್. ಎಣ್ಣೆ ಎಂಥದ್ದೋ ಏನೋ ಅಂತ ಗೊಣಗುತ್ತೀರಿ. ನೀರು ಕಾಯಿಸಿದ್ದೇನಪ್ಪಾ ಅಂತ ಮಾಣಿಯನ್ನು ಕೇಳುತ್ತೀರಿ. ಆದರೆ ಆ ಸಾಂಬಾರು ಯಾವ ಪಾತ್ರೆಯಲ್ಲಿ ಕುದಿಯಿತು, ಎಷ್ಟು ಹೊತ್ತು ಅದರಲ್ಲೇ ಕೂತಿತ್ತು ಅಂತ ಕೇಳಿದವರನ್ನು ಈ ಊರಲ್ಲಿ ನಾವಂತೂ ಕಂಡಿಲ್ಲ.

2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು, ಬಾಂಬೆ ಮಿಠಾಯಿಗೆ ರೋಡಮಿನ್-ಬಿ ಬೆರೆಸಬಾರದು ಎಂದು ಆಜ್ಞೆ ಹೊರಡಿಸಿತು. ಒಳ್ಳೆಯದೇ ಆಯಿತು. ಬಣ್ಣ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಗಲಾಟೆಯೂ ಆಯಿತು. ಪಾತ್ರೆಯಿಂದ ಅಡುಗೆಗೆ ಇಳಿಯುವ ಲೋಹ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಅದರ ಬಗ್ಗೆ ಯಾರಿಗೂ ಚಿಂತೆಯಿಲ್ಲ!

ಮೂರು ಬಿಳಿ ಪುಡಿಗಳು

ಹೋಟೆಲು, ಕೈಗಾಡಿಗಳ ಅಡುಗೆಯಲ್ಲಿ ಮೂರು ಬಿಳಿ ಪುಡಿ ಓಡಾಡುತ್ತವೆ. ಟೇಸ್ಟಿಂಗ್ ಪೌಡರ್, ನಿಂಬೆ ಉಪ್ಪು, ಅಡುಗೆ ಸೋಡಾ. ಜನ ಬೈಯುವುದು ಮೊದಲನೆಯದನ್ನು. ಅದು ಮೈಗೆ ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳ ಬೇರೆ, ಪಾತ್ರೆಯ ಮಟ್ಟಿಗಂತೂ ಅದು ಸಾಧು. ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಪಾತ್ರೆಯ ತಂಟೆಗೆ ಹೋಗುವುದು ಮಿಕ್ಕ ಎರಡು.

ಅಲ್ಯೂಮಿನಿಯಂ ಡಬರಿಯ ಮೈಮೇಲೆ ಕಣ್ಣಿಗೆ ಕಾಣದ ತೆಳು ಪೊರೆಯೊಂದು ಇರುತ್ತದೆ. ಗಾಳಿ ತಗುಲಿದ ಕೂಡಲೇ ಅದು ತಾನಾಗಿ ಮೂಡುತ್ತದೆ. ಅಡುಗೆಯನ್ನು ಕಾಯುವುದೇ ಆ ಪೊರೆ. ತೀರಾ ಹುಳಿ ಬಿದ್ದರೂ ಅದು ಕರಗುತ್ತದೆ, ತೀರಾ ಕ್ಷಾರವಾದರೂ ಕರಗುತ್ತದೆ. ಹುಣಸೆ ರಸ, ಟೊಮೇಟೊ, ವಿನೆಗರ್, ನಿಂಬೆ ಉಪ್ಪು ಎಲ್ಲವೂ ಹುಳಿಯ ಗುಂಪು. ಜೊತೆಗೆ ಅಡುಗೆ ಉಪ್ಪು ಸೇರಿದರೆ ಲೋಹದಲ್ಲಿ ಚುಕ್ಕಿ ಚುಕ್ಕಿ ಗುಳಿ ಬೀಳುತ್ತದೆ. ಹಳೇ ಡಬರಿಯ ತಳ ನೋಡಿ, ಸಿಡುಬು ಎದ್ದ ಮುಖದ ಹಾಗಿರುತ್ತದೆ. ಅಲ್ಲಿದ್ದ ಲೋಹ ಎಲ್ಲಿಗೆ ಹೋಯಿತು ಸ್ವಾಮೀ? ತಿಕ್ಕಿ ತೊಳೆದಾಗ ಒಂದಷ್ಟು ಚರಂಡಿಗೆ, ಉಳಿದದ್ದು ನಮ್ಮ ತಟ್ಟೆಗೆ.

ಸೋಡಾದ ಕಥೆ ಇನ್ನೂ ವಿಚಿತ್ರ. ತಣ್ಣಗಿರುವಾಗ ಅದು ಅಷ್ಟೇನೂ ಖಾರವಲ್ಲ. ಕಡಲೆ ಬೇಗ ಬೇಯಲಿ ಅಂತ ನೀರಿಗೆ ಹಾಕಿ ಕುದಿಸಿದಿರೋ, ಅದರೊಳಗಿನ ಗಾಳಿ ಹಾರಿಹೋಗಿ ಬಟ್ಟೆ ಒಗೆಯುವ ಸೋಡಾದ ಜಾತಿಗೇ ಸೇರಿಬಿಡುತ್ತದೆ. ಪಾತ್ರೆಯ ಒಳಮೈ ಕಪ್ಪಾಗುವುದು ಆಗಲೇ.

ಹಾಗಂತ ಇವತ್ತು ಸಾಂಬಾರ್ ಉಂಡವರು ನಾಳೆ ಹಾಸಿಗೆ ಹಿಡಿಯುತ್ತಾರೆ ಅಂತ ಹೆದರಿಸುವುದು ಬೇಡ. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ವಿಶ್ವ ಆಹಾರ ಸಂಸ್ಥೆಯ ಜಂಟಿ ತಜ್ಞರ ಸಮಿತಿ 2011ರಲ್ಲಿ ಹೇಳಿದ ಲೆಕ್ಕದ ಪ್ರಕಾರ, ಮೈತೂಕದ ಪ್ರತಿ ಕಿಲೋಗೆ ವಾರಕ್ಕೆ 2 ಮಿಲಿಗ್ರಾಂ ಅಲ್ಯೂಮಿನಿಯಂ ತನಕ ತಡೆದೀತು. 60 ಕಿಲೋ ಆಸಾಮಿಗೆ ವಾರಕ್ಕೆ 120 ಮಿಲಿಗ್ರಾಂ. ಗಟ್ಟಿ ಮೂತ್ರಪಿಂಡ ಇದ್ದವರಿಗೆ ಬಹುಪಾಲು ಹೊರಗೆ ಹೋಗುತ್ತದೆ. ಮರೆವಿನ ರೋಗಕ್ಕೆ ಇದೇ ಕಾರಣ ಎಂಬ ಮಾತು ಬಹಳ ದಿನದಿಂದ ಇದೆ, ಆದರೆ ರುಜುವಾತಾಗಿಲ್ಲ. ಕಿಡ್ನಿ ಕೆಟ್ಟವರ ವಿಷಯ ಮಾತ್ರ ಬೇರೆ. ಅವರ ಮೈಯಲ್ಲಿ ಇದು ಉಳಿದುಬಿಡುತ್ತದೆ. ಅದರಲ್ಲೂ ನಿಂಬೆ ಉಪ್ಪು ಜೊತೆಗಿದ್ದರೆ ಹೊಟ್ಟೆ ಅಲ್ಯೂಮಿನಿಯಮ್ಮನ್ನು ಹೆಚ್ಚು ಹೀರಿಕೊಳ್ಳುತ್ತದೆ.

ನಿಜವಾಗಿ ಭಯಪಡಬೇಕಾದದ್ದು ಸೀಸಕ್ಕೆ. 2025ರ ಆಗಸ್ಟ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಒಂದು ಎಚ್ಚರಿಕೆ ಕೊಟ್ಟಿತು. ಹೊರದೇಶದಿಂದ ಬಂದ ಕೆಲವು ಅಲ್ಯೂಮಿನಿಯಂ, ಹಿತ್ತಾಳೆ ಮತ್ತು ಹಿಂಡಾಲಿಯಂ ಪಾತ್ರೆಗಳಿಂದ ಅಡುಗೆಗೆ ಸೀಸ ಇಳಿಯುತ್ತಿದೆ, ಮಾರಬೇಡಿ ಅಂತ. ಹಿಂಡಾಲಿಯಂ ಅಂದರೆ ಯಾವುದೋ ಪರದೇಶದ ಸಾಮಾನಲ್ಲ, ನಮ್ಮ ಪೇಟೆಬೀದಿಯ ಪಾತ್ರೆ ಅಂಗಡಿಗಳಲ್ಲಿ ಸಾಲಾಗಿ ತೂಗುಹಾಕಿರುವುದೇ ಅದು. ಎಲ್ಲವೂ ಕೆಟ್ಟದ್ದು ಅಂತಲ್ಲ. ಗುಜರಿ ಲೋಹ ಕರಗಿಸಿ ಎರಕ ಹೊಯ್ದ, ಹೆಸರು ಗುರುತು ಇಲ್ಲದ ಅಗ್ಗದ ಮಾಲಿನ ಮೇಲೆ ಕಣ್ಣಿರಲಿ. ಸೀಸಕ್ಕೆ ಇಷ್ಟು ತನಕ ಪರವಾಗಿಲ್ಲ ಎಂಬ ಮಿತಿಯೇ ಇಲ್ಲ. ಮಕ್ಕಳ ಬುದ್ಧಿಯನ್ನೇ ತಿನ್ನುವ ಲೋಹ ಅದು.

ಹಿತ್ತಾಳೆಯ ಹೊಸ ಮೋಹ

ಈಗ ಅಲ್ಯೂಮಿನಿಯಂ ಬೇಡ ಅಂತ ಹಿತ್ತಾಳೆಗೆ ಓಡುವವರು ಹೆಚ್ಚಾಗಿದ್ದಾರೆ. ಮೊಬೈಲಿನಲ್ಲಿ ದಿನಕ್ಕೊಂದು ಸಂದೇಶ: ಹಿರಿಯರು ಹಿತ್ತಾಳೆಯಲ್ಲಿ ಅಡುಗೆ ಮಾಡಿ ನೂರು ವರ್ಷ ಬದುಕಿದರಂತೆ! ಹಿರಿಯರು ಅದಕ್ಕೆ ಕಲಾಯಿ ಹಾಕಿಸುತ್ತಿದ್ದರು ಎಂಬ ಮಾತು ಮಾತ್ರ ಆ ಸಂದೇಶದಲ್ಲಿ ಇರುವುದಿಲ್ಲ. ಉಪ್ಪಿನಕಾಯಿಗೆ ಪಿಂಗಾಣಿ ಜಾಡಿ, ಗೊಜ್ಜಿಗೆ ಕಲ್ಲುಮರಿಗೆ, ಮಜ್ಜಿಗೆಗೆ ಮಣ್ಣಿನ ಗಡಿಗೆ ಅಂತ ಇಟ್ಟುಕೊಂಡ ಅಜ್ಜಿಯರು ದಡ್ಡರಾಗಿರಲಿಲ್ಲ. ಕಲಾಯಿ ಹೋದ ಹಿತ್ತಾಳೆ, ತಾಮ್ರದಲ್ಲಿ ಹುಳಿ ಇಟ್ಟರೆ ಕಿಲುಬು. ತಿಂದವರಿಗೆ ವಾಕರಿಕೆ, ವಾಂತಿ, ಹೊಟ್ಟೆನೋವು.

ಹುಳಿಗಷ್ಟೇ ಅಲ್ಲ, ಹಾಲಿಗೂ ಇದು ತಪ್ಪಿದ್ದಲ್ಲ. ಒಂದು ಕಾಲಕ್ಕೆ ನಮ್ಮ ದೇಶದಲ್ಲಿ ಎಳೆಯ ಮಕ್ಕಳ ಲಿವರ್ ಕಲ್ಲಿನಂತೆ ಗಟ್ಟಿಯಾಗಿ, ಹೊಟ್ಟೆ ಉಬ್ಬಿ ಸಾಯುವ ರೋಗವೊಂದಿತ್ತು. ಪುಣೆಯಲ್ಲಿ ಸಂಶೋಧನೆ ನಡೆಸಿದ ವೈದ್ಯರು 1983ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮ ಗುಮಾನಿ ಬರೆದರು: ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಿಟ್ಟ ದನದ ಹಾಲು, ಎಮ್ಮೆ ಹಾಲು ತಾಮ್ರವನ್ನು ಹಿಡಿದುಕೊಳ್ಳುತ್ತದೆ, ಅದನ್ನು ಕುಡಿದ ಕೂಸಿನ ಲಿವರ್‌ನಲ್ಲಿ ಅದು ರಾಶಿ ಬೀಳುತ್ತದೆ ಅಂತ. ವಂಶದ ದೋಷವೂ ಇದ್ದೀತು ಎಂಬ ವಾದ ಇದೆ. ಆದರೆ ಮನೆಮನೆಗೆ ಸ್ಟೀಲ್ ಪಾತ್ರೆ ಬಂದ ಮೇಲೆ ಆ ರೋಗ ಅಪರೂಪವಾಯಿತು. ಇದಕ್ಕಿಂತ ದೊಡ್ಡ ಪಾಠ ಬೇಕೇ?

ಕಲಾಯಿ ಅಂದರೆ ತವರದ ಲೇಪ. ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ತಾಗಿಸಿ, ಹತ್ತಿಯಲ್ಲಿ ಸರ್ರನೆ ಒರೆಸಿದರೆ ಒಳಮೈ ಬೆಳ್ಳಿಯಂತಾಗುತ್ತದೆ. ಬೀದಿಯಲ್ಲಿ ತಿದಿ ಒತ್ತುತ್ತಾ ಕೂರುತ್ತಿದ್ದ ಕಲಾಯಿಯವರು ಈಗ ಬೆರಳೆಣಿಕೆ. ತವರ ತುಟ್ಟಿ, ಸೀಸ ಅಗ್ಗ. ಆದ್ದರಿಂದ ಬೆರಕೆಯ ಆಸೆ. ಅಪ್ಪಟ ತವರದ ಕಡ್ಡಿ ಬಗ್ಗಿಸಿದರೆ ಕಿರ್ರ್ ಅಂತ ಸದ್ದು ಮಾಡುತ್ತದೆ, ಸೀಸ ಸುಮ್ಮನೆ ಬಾಗುತ್ತದೆ, ಕಾಗದದ ಮೇಲೆ ಉಜ್ಜಿದರೆ ಬೂದು ಗೆರೆ ಬಿಡುತ್ತದೆ. ಕಲಾಯಿಗೆ ಕೊಡುವ ಮುಂಚೆ ಕಡ್ಡಿ ತೋರಿಸಪ್ಪಾ ಅಂತ ಕೇಳಲು ನಾಚಿಕೆ ಬೇಡ. ಇನ್ನೊಂದು, ತವರ 232 ಡಿಗ್ರಿಗೇ ಕರಗುತ್ತದೆ. ಕಲಾಯಿ ಪಾತ್ರೆಯನ್ನು ಬರಿದಾಗಿ ಒಲೆ ಮೇಲಿಟ್ಟು ಮರೆತರೆ ಹಾಕಿಸಿದ ದುಡ್ಡು ದಂಡ.

ಕಾನೂನು ಕಾಗದದಲ್ಲಿದೆ

ಸರಿಯಾಗಿ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆ ತಿನಿಸು ಇಡಲು ಅನರ್ಹ ಅಂತ 1955ರ ಆಹಾರ ಕಲಬೆರಕೆ ತಡೆ ನಿಯಮಗಳಲ್ಲೇ ಇತ್ತು. ಆ ಕಾಯ್ದೆ ಹೋಗಿ 2006ರ ಕಾಯ್ದೆ ಬಂತು. ಅದರಡಿ 2011ರಲ್ಲಿ ಬಂದ ಲೈಸೆನ್ಸ್ ನಿಯಮಗಳ 4ನೇ ಅನುಸೂಚಿಯಲ್ಲೂ ಅದೇ ಮಾತು: ಅಡುಗೆಗೆ ಲೋಹ ಬೆರೆತು ಆರೋಗ್ಯ ಕೆಡಿಸುವ ಪಾತ್ರೆ ಬಳಸಕೂಡದು, ತಾಮ್ರ ಹಿತ್ತಾಳೆಗೆ ಒಳಲೇಪ ಇರಲೇಬೇಕು. ಹೋಟೆಲಿನ ಗೋಡೆಗೆ ಲೈಸೆನ್ಸು ತೂಗುಹಾಕಿದವರಲ್ಲಿ ಎಷ್ಟು ಮಂದಿ ಆ ಅನುಸೂಚಿ ಓದಿದ್ದಾರೋ! ತಪಾಸಣೆಗೆ ಬಂದ ಅಧಿಕಾರಿಗಳು ಫ್ರಿಜ್ ತೆರೆಯುತ್ತಾರೆ, ಎಣ್ಣೆ ನೋಡುತ್ತಾರೆ. ಕೊಪ್ಪರಿಗೆಯೊಳಗೆ ಬಗ್ಗಿ ನೋಡಿದ್ದು ಎಷ್ಟು ಸಲ?

ಹೋಟೆಲಿನವರಿಗೆ ಖರ್ಚಿನ ದೊಡ್ಡ ಮಾತೇನೂ ಇಲ್ಲ. ಅಲ್ಯೂಮಿನಿಯಂನಲ್ಲಿ ಅನ್ನ ಬೇಯಿಸಿ, ಬೇಳೆ ಬೇಯಿಸಿ, ಯಾರೂ ಬೇಡ ಅನ್ನುವುದಿಲ್ಲ. ಹುಳಿ ಹಿಂಡುವ ಹೊತ್ತಿಗೆ ಸ್ಟೀಲಿಗೆ ವರ್ಗಾಯಿಸಿ. ಮಿಕ್ಕ ಸಾಂಬಾರು, ಪಾನಿಪೂರಿ ನೀರು, ಟೊಮೇಟೊ ಗೊಜ್ಜು ರಾತ್ರಿ ಅಲ್ಯೂಮಿನಿಯಂನಲ್ಲಿ ಮಲಗುವುದು ಬೇಡ. ಗುಳಿ ಬಿದ್ದ ಡಬರಿಯನ್ನು ಗುಜರಿಗೆ ಹಾಕಿ. ಕಬ್ಬಿಣದ ಬಾಣಲೆಗೆ ಹುಳಿ ಬಿದ್ದರೆ ಅಡುಗೆ ಕಪ್ಪಾದೀತು, ರುಚಿ ಕೆಟ್ಟೀತು ಅಷ್ಟೆ, ಅದಕ್ಕೆ ಗಾಬರಿಯಾಗಬೇಕಿಲ್ಲ.

ಗಿರಾಕಿಗಳಿಗೂ ಒಂದು ದಾರಿ ಉಂಟು. ಸಾರು, ಚಟ್ನಿ ಬಾಯಿಗಿಟ್ಟಾಗ ಲೋಹದ ಒಗರು ಹತ್ತಿದರೆ ತಟ್ಟೆ ಬದಿಗೆ ಸರಿಸಿ, ಗಲ್ಲಾದಲ್ಲಿ ಕೂತವರನ್ನು ಪಾತ್ರೆ ಯಾವುದು ಅಂತ ಕೇಳಿ. ಉತ್ತರ ಬರದಿದ್ದರೆ ಜಿಲ್ಲಾ ಆಹಾರ ಸುರಕ್ಷತಾ ಅಂಕಿತಾಧಿಕಾರಿಗಳ ಕಚೇರಿಗೆ ದೂರು ಬರೆದುಕೊಡಬಹುದು. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ಉಚಿತ ದೂರವಾಣಿಯೂ ಇದೆ: 1800-112-100.