ಬಾಲಂಗೋಚಿ ಇಲ್ಲದ ಪಟ

ಬಾಲಂಗೋಚಿ ಕಟ್ಟದೆ ಗಾಳಿಪಟ ಹಾರಿಸಿ ನೋಡಿ. ಇಂಡಿಯ ಲಿಂಬೆ ತೋಟದ ಬದುವಾಗಲಿ, ಬಸವನ ಬಾಗೇವಾಡಿಯ ಜೋಳದ ಹೊಲವಾಗಲಿ, ಪಟ ಗಿರಗಿರ ಸುತ್ತಿ ಮೂತಿ ಕೆಳಗೆ ಮಾಡಿ ಬಿದ್ದೇಬಿಡುತ್ತದೆ. ಮುದ್ದೇಬಿಹಾಳದ ಯಾವ ಹುಡುಗನಿಗೂ ಇದನ್ನು ಹೇಳಿಕೊಡಬೇಕಿಲ್ಲ. ಹಾಗಿರುವಾಗ, ಸುಮಾರು ಒಂದು ಟನ್ ತೂಗುವ, ಬಾಲವೇ ಇಲ್ಲದ, ಒಳಗೆ ಪೈಲಟ್ ಕೂಡ ಇಲ್ಲದ ಜೆಟ್ ವಿಮಾನ ಹಾರಿತೆಂದರೆ! ಅದೂ ಎಲ್ಲಿ? ನಮ್ಮ ಸಿಂದಗಿಯ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50 ಕೊನೆಗೆ ಮುಟ್ಟುವ ಚಿತ್ರದುರ್ಗದ ಸೀಮೆಯಲ್ಲಿ, ಚಳ್ಳಕೆರೆ ತಾಲ್ಲೂಕಿನ ಹುಲ್ಲುಗಾವಲಿನ ನಡುವಿನ ಡಿಆರ್‌ಡಿಒ ಪರೀಕ್ಷಾ ತಾಣದಲ್ಲಿ. ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಬಾಲ ಯಾಕೆ ಬೇಡ? ರೆಕ್ಕೆ ಅಡ್ಡ ಮಲಗಿದೆ, ಬಾಲ ನೆಟ್ಟಗೆ ನಿಂತಿದೆ. ಅವೆರಡರ ನಡುವಿನ ಮೂಲೆಗೆ ಬಡಿದ ರಾಡಾರ್ ಅಲೆ, ಗೋಡೆಮೂಲೆಗೆ ಎಸೆದ ಚೆಂಡು ಎಸೆದವನ ಕೈಗೇ ಮರಳುವ ಹಾಗೆ, ಬಂದ ದಾರಿಗೇ ಹಿಂದಿರುಗುತ್ತದೆ. ಶತ್ರುವಿಗೆ ಅಷ್ಟು ಸಾಕು. ಬಾಲವಿಲ್ಲದಿದ್ದರೆ ಆ ಮೂಲೆಯೇ ಇಲ್ಲ, ಗಾಳಿಯ ಎಳೆತವೂ ಕಡಿಮೆ. ಆದರೆ ಮೂತಿಯನ್ನು ದಾರಿ ತಪ್ಪದಂತೆ ಹಿಡಿಯುವುದೂ ಅದೇ ಬಾಲವಲ್ಲವೇ!

ಬಾಲವಿಲ್ಲದೆ ಹಾರಿಸುವ ಈ ಹಟಕ್ಕೆ ಜೀವಗಳೂ ಹೋಗಿವೆ. ಅಮೆರಿಕದ ನಾರ್ತ್ರಾಪ್ ಕಂಪನಿಯ ವೈಬಿ-49, ಬರೀ ರೆಕ್ಕೆಯ ವಿಮಾನ, 1948ರ ಜೂನ್ 5ರಂದು ಪರೀಕ್ಷೆಯಲ್ಲೇ ಮುರಿದುಬಿದ್ದು ಒಳಗಿದ್ದ ಐವರೂ ತೀರಿಕೊಂಡರು. ಅದೇ ಕಂಪನಿಯ ಬಿ-2 ಮೊದಲ ಸಲ ಹಾರಿದ್ದು 1989ರಲ್ಲಿ. ಈ 41 ವರ್ಷಗಳ ನಡುವೆ ವಿಮಾನದ ಹತೋಟಿಗೆ ಕಂಪ್ಯೂಟರ್ ಬಂದಿತ್ತು. ಬಿ-2ರ ರೆಕ್ಕೆಯ ತುದಿಯ ಪಟ್ಟಿಗಳು ಮೊಸಳೆಯ ಬಾಯಂತೆ ಮೇಲೆ ಕೆಳಗೆ ತೆರೆದುಕೊಳ್ಳುತ್ತವೆ. ತೆರೆದ ಬದಿಯಲ್ಲಿ ಗಾಳಿ ತಡೆದು ಮೂತಿ ಅತ್ತ ತಿರುಗುತ್ತದೆ; ಚಕ್ಕಡಿಯ ಎಡ ಎತ್ತಿನ ಹಗ್ಗ ಬಿಗಿ ಹಿಡಿದರೆ ಚಕ್ಕಡಿ ಎಡಕ್ಕೆ ಹೊರಳುತ್ತದಲ್ಲ, ಹಾಗೆ! ಆದರೆ ಬಾಯಿ ತೆರೆದಷ್ಟೂ ವೇಗ ಸೋರುತ್ತದೆ, ರಾಡಾರ್ ಕಣ್ಣಿಗೂ ಬೀಳುತ್ತದೆ. ಅಡಗಿದರೆ ಹತೋಟಿ ಕಷ್ಟ, ಹತೋಟಿ ಬೇಕೆಂದರೆ ಅಡಗುವುದು ಕಷ್ಟ. ಕಾಗದದ ಮೇಲೆ ಎಷ್ಟು ಲೆಕ್ಕ ಹಾಕಿದರೂ ಗಾಳಿಯಲ್ಲಿ ಹಾರಿಸಿಯೇ ನೋಡಬೇಕು.

ನಮ್ಮವರು ಹಾರಿಸಿ ನೋಡಿದರು! ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆ ಎಡಿಇ ರೂಪಿಸಿದ ಈ ವಿಮಾನ 2022ರ ಜುಲೈ 1ರಂದು ಮೊದಲ ಸಲ ನೆಲ ಬಿಟ್ಟಿತು. ಬಾಣದ ಮೊನೆಯಂಥ ಆಕಾರ, ಹಗುರವಾದ ಇಂಗಾಲದ ನಾರಿನ ಮೈ, ಆ ಮೈಯೊಳಗೇ ಅದರ ಆರೋಗ್ಯ ಗಮನಿಸುವ ಬೆಳಕಿನ ಎಳೆಗಳು. ಎರಡು ಮಾದರಿಗಳನ್ನು ಕಟ್ಟಿ, ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಹಾರಿಸುತ್ತ ಬಂದರು. ಬಾಲವಿಲ್ಲದ ರೂಪದಲ್ಲೂ ಅದು ಹತೋಟಿಯಲ್ಲೇ ಹಾರಿತೆಂದು 2023ರ ಡಿಸೆಂಬರ್ 15ರಂದು ದೇಶಕ್ಕೆ ತಿಳಿಯಿತು.

ನನ್ನ ಮೈ ಜುಮ್ಮೆಂದದ್ದು ಮಾತ್ರ ಅದು ಇಳಿದ ಬಗೆ ಓದಿದಾಗ. ನಮ್ಮದೇ ಉಪಗ್ರಹ ವ್ಯವಸ್ಥೆ ‘ಗಗನ್’ ಕಳಿಸಿದ ಸಂಕೇತದ ನೆರವಿನಿಂದ ತನ್ನ ಜಾಗ ತಾನೇ ಕಂಡುಕೊಂಡು, ಕೆಳಗೆ ದಾರಿ ತೋರುವ ರಾಡಾರ್ ಇಲ್ಲದೆ, ದಾರ ಹಿಡಿದ ಕೈಯೂ ಇಲ್ಲದೆ, ಆ ಬಾಲಂಗೋಚಿ ಇಲ್ಲದ ಪಟ ಚಳ್ಳಕೆರೆಯ ನೆಲಕ್ಕೆ ಗಾಲಿ ಊರಿತ್ತು!